ಬಲಗಡೆಯ ತಗಡಿನ ಹಿಂದೆ

ಡೆಸ್ಕ್‌ಟಾಪ್ ಕಂಪ್ಯೂಟರಿನ ಪೆಟ್ಟಿಗೆಗೆ ಮನೆಯಲ್ಲಿ ಸಿಪಿಯು ಅನ್ನುತ್ತಾರೆ, ಅಂಗಡಿಯಲ್ಲಿ ಕ್ಯಾಬಿನೆಟ್ ಅನ್ನುತ್ತಾರೆ. ಅದಕ್ಕೆ ಎರಡು ಪಕ್ಕದ ಬಾಗಿಲು. ಎದುರು ಕೂತು ನೋಡಿದರೆ ಎಡಗಡೆಯದು ಈಗೀಗ ಹೆಚ್ಚಾಗಿ ಗಾಜಿನದು, ಬಲಗಡೆಯದು ತಗಡಿನದು. ಒಳಗಿನ ಕೇಬಲ್‌ಗಳನ್ನು ಚೆನ್ನಾಗಿ ಜೋಡಿಸಿದ್ದಾರೋ ಇಲ್ಲವೋ ಅಂತ ನೋಡಬೇಕಾದರೆ ಬಿಚ್ಚಬೇಕಾದ್ದು ಆ ತಗಡನ್ನು. ಗಾಜಿನ ಕಡೆ ದೇವರ ಕೋಣೆಯಷ್ಟು ಚೊಕ್ಕಟವಾಗಿರುವ ಎಷ್ಟೋ ಪೆಟ್ಟಿಗೆಗಳ ಹಿಂಬದಿಯಲ್ಲಿ ಎಲ್ಲ ಕೇಬಲ್‌ಗಳನ್ನೂ ಮುದ್ದೆ ಮಾಡಿ ತುರುಕಿ, ಮೊಣಕಾಲಿನಿಂದ ಒತ್ತಿ ಹಿಡಿದು ಸ್ಕ್ರೂ ಬಿಗಿದಿರುತ್ತಾರೆ. ಉಬ್ಬಿಕೊಂಡ ತಗಡು ಒಳಗಿನ ಪ್ಲಗ್‌ಗಳನ್ನು ದಿನವಿಡೀ ಒತ್ತುತ್ತಲೇ ಇರುತ್ತದೆ. ತಿಂಗಳುಗಳು ಕಳೆದ ಮೇಲೆ ಒಂದು ದಿನ ಹಾರ್ಡ್‌ಡಿಸ್ಕ್ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಆಗ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ವಿಂಡೋಸ್ ಮತ್ತೆ ಹಾಕಿಸುವುದು, ರ‍್ಯಾಮ್ ಬದಲಿಸುವುದು ಶುರುವಾಗುತ್ತದೆ.

ಈ ಕೆಲಸಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಎರಡು ವರ್ಷ ಬಿಟ್ಟು ಬೇರೆ ಯಾರೋ ಬಂದು ಒಂದು ಹಾರ್ಡ್‌ಡಿಸ್ಕನ್ನೋ ಫ್ಯಾನನ್ನೋ ಬದಲಿಸಬೇಕಾದರೆ, ಅದೊಂದರ ಕೇಬಲ್ ಮಾತ್ರ ಬಿಚ್ಚಿ ಕೆಲಸ ಮುಗಿಸಲು ಬರಬೇಕು. ಬೇರೆ ಏಳು ಕಟ್ಟು ಕತ್ತರಿಸಬೇಕಾಗಿ ಬಂದರೆ ಅಲ್ಲಿ ಓರಣ ಇರಲಿಲ್ಲ, ಬರೀ ಬಿಗಿ ಇತ್ತು ಅಂತ ಅರ್ಥ.

ಗಾಳಿಯ ಮಾತು ಮೊದಲೇ ಹೇಳಿಬಿಡುತ್ತೇನೆ. ಕೇಬಲ್ ಸರಿ ಮಾಡಿದರೆ ಕಂಪ್ಯೂಟರ್ ತಣ್ಣಗಾಗುತ್ತದೆ ಎಂಬ ನಂಬಿಕೆ ಹುಟ್ಟಿದ್ದು ಐಡಿಇ ಕೇಬಲ್‌ಗಳ ಕಾಲದಲ್ಲಿ. ಹಾರ್ಡ್‌ಡಿಸ್ಕ್‌ನಿಂದ ಮದರ್‌ಬೋರ್ಡ್‌ಗೆ (ಎಲ್ಲ ಭಾಗಗಳೂ ಬಂದು ಸೇರುವ ದೊಡ್ಡ ಬೋರ್ಡ್) ಸುಮಾರು ಐದು ಸೆಂಟಿಮೀಟರ್ ಅಗಲದ ಬೂದು ಪಟ್ಟಿ ಅಡ್ಡಲಾಗಿ ಹಾಯುತ್ತಿತ್ತು, ಸಿಡಿ ಡ್ರೈವ್‌ಗೆ ಇನ್ನೊಂದು. ಅವು ನಿಜವಾಗಿಯೂ ಪರದೆ ಕಟ್ಟಿದ ಹಾಗೆ ಗಾಳಿ ತಡೆಯುತ್ತಿದ್ದವು. 2003ರ ಸುಮಾರಿಗೆ ತೆಳ್ಳನೆಯ ಸಾಟಾ ಕೇಬಲ್‌ಗಳು ಬಂದ ಮೇಲೆ ಆ ತೊಂದರೆ ಬಹುಮಟ್ಟಿಗೆ ಹೋಯಿತು. ಇವತ್ತಿನ ಕ್ಯಾಬಿನೆಟ್ಟಿನಲ್ಲಿ ಮುಂದಿನ ಫ್ಯಾನಿನ ಬಾಯಿಗೇ ಕೇಬಲ್ ಕಂತೆ ಅಡ್ಡ ನಿಂತಿದ್ದರೆ ಮಾತ್ರ ಅದನ್ನು ಸರಿಸಿದಾಗ ಉಷ್ಣತೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಉಳಿದಂತೆ ಹೆಚ್ಚು ನಿರೀಕ್ಷಿಸಬೇಡಿ. ಸಿಗುವ ಲಾಭ ಬೇರೆ: ಫ್ಯಾನಿನ ರೆಕ್ಕೆಗೆ ವೈರ್ ತಾಗುವುದಿಲ್ಲ, ಧೂಳು ಕೂರುವ ಮೂಲೆಗಳು ಕಡಿಮೆಯಾಗುತ್ತವೆ, ಬ್ರಷ್ ಎಲ್ಲ ಕಡೆಗೂ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಪ್ಲಗ್ ಮೇಲೂ ಎಳೆತ ಇರುವುದಿಲ್ಲ.

ಬೇಕಾದ ಸಾಮಾನು ಸ್ವಲ್ಪವೇ. ತುದಿಗೆ ಅಯಸ್ಕಾಂತ ಇರುವ 2ನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್, ಒಂದು ಸೈಡ್ ಕಟರ್, ಚಿಮುಟ, ಟಾರ್ಚ್. ಕಟ್ಟಲು 10ರಿಂದ 15 ಮಿಲಿಮೀಟರ್ ಅಗಲದ ವೆಲ್ಕ್ರೋ ಪಟ್ಟಿ, ಎರಡು ಮೀಟರ್ ಇದ್ದರೆ ಒಂದು ಪೆಟ್ಟಿಗೆಗೆ ಧಾರಾಳ. ಒಂದು ಮೈ ಮುಳ್ಳು, ಇನ್ನೊಂದು ಮೈ ಮೆತ್ತಗಿರುವ, ತನ್ನ ಮೇಲೆ ತಾನೇ ಅಂಟುವ ಜಾತಿಯದ್ದನ್ನು ಕೇಳಿ ತನ್ನಿ. ಬಟ್ಟೆಗೆ ಹೊಲಿಯುವ ವೆಲ್ಕ್ರೋ ಇದಕ್ಕೆ ಆಗುವುದಿಲ್ಲ. ಇದರ ಜೊತೆಗೆ 2.5 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಉದ್ದದ ಪ್ಲಾಸ್ಟಿಕ್ ಕೇಬಲ್ ಟೈ ಹತ್ತಿಪ್ಪತ್ತು. ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಇವೆಲ್ಲ ಒಂದೇ ಓಣಿಯಲ್ಲಿ ಸಿಗುತ್ತವೆ. ಬೇರೆ ಊರುಗಳಲ್ಲಿ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಬಲ್ ಟೈ ಅಂದರೆ ಕೊಡುತ್ತಾರೆ.

ಬಿಚ್ಚುವ ಮುಂಚೆ ಶಟ್‌ಡೌನ್ ಮಾಡಿದರೆ ಸಾಲದು. ಗೋಡೆಯ ಸ್ವಿಚ್ ಆನ್ ಇರುವ ತನಕ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬ) ತನ್ನ ನೇರಳೆ ವೈರಿನಲ್ಲಿ 5 ವೋಲ್ಟ್ ಹರಿಸುತ್ತಲೇ ಇರುತ್ತದೆ. ಕೀಬೋರ್ಡಿನಿಂದ ಎಬ್ಬಿಸಲು, ಪವರ್ ಬಟನ್ ಕೆಲಸ ಮಾಡಲು ಅದು ಬೇಕು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಚಾರ್ಜ್ ಇಳಿಯುತ್ತದೆ. ಮದರ್‌ಬೋರ್ಡ್ ಮೇಲೆ ಪುಟ್ಟ ದೀಪ ಇದ್ದರೆ ಅದು ಆರುವ ತನಕ ಕಾಯಿರಿ. ಕೈ ಹಾಕುವ ಮುಂಚೆ ಬಣ್ಣವಿಲ್ಲದ ಬರಿ ಲೋಹ ಮುಟ್ಟಿ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಅಪಾಯದ ವೋಲ್ಟೇಜ್ ಉಳಿದಿರಬಹುದು.

ಇಲ್ಲೇ ಒಂದು ಪಕ್ಕದ ಮಾತು. ಕೆಲವು ಮನೆಗಳಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಒಳಗೆ ಯಾವುದೋ ವೈರ್ ತಾಗಿದೆ ಅಂತ ಅದಕ್ಕಾಗಿಯೇ ಎಲ್ಲ ಬಿಚ್ಚಿ ಜೋಡಿಸುವವರಿದ್ದಾರೆ. ಅದು ಹೆಚ್ಚಾಗಿ ಅರ್ಥಿಂಗ್ ಇಲ್ಲದ ಸಾಕೆಟ್ಟಿನ ತೊಂದರೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಚೂರು ಕರೆಂಟ್ ಮಣ್ಣಿಗೆ ಹೋಗುವ ದಾರಿ ಇಲ್ಲದೆ ತಗಡಿನ ಮೇಲೆ ನಿಂತಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಮೂರನೆಯ ಪಿನ್ನಿಗೆ ಅರ್ಥ್ ಕೊಡಿಸಿ. ಕೇಬಲ್ ಕಟ್ಟುವುದು ಅದಕ್ಕೆ ಮದ್ದಲ್ಲ.

ಏನನ್ನೂ ಕೀಳುವ ಮೊದಲು ಎರಡೂ ಕಡೆಯಿಂದ ನಾಲ್ಕು ಫೋಟೋ ತೆಗೆದಿಡಿ. ಮುಂಭಾಗದ ಬಟನ್‌ಗಳ ಪುಟ್ಟ ಪಿನ್‌ಗಳು ಇರುವ ಮೂಲೆಯನ್ನು ಹತ್ತಿರದಿಂದ ಒಂದು. ಆಮೇಲೆ ನಿಧಾನವಾಗಿ ಬಿಚ್ಚಿ. ಮದರ್‌ಬೋರ್ಡಿನ ಬಲ ಅಂಚಿನಲ್ಲಿ ಕೂತಿರುವ 24 ಪಿನ್ನಿನ ಪ್ಲಗ್ಗೇ ಎಲ್ಲಕ್ಕಿಂತ ಹಠಮಾರಿ. ಅದರ ಒಂದು ಪಕ್ಕದಲ್ಲಿ ಕೊಕ್ಕಿನಂಥ ಲಾಕ್ ಇದೆ. ಹೆಬ್ಬೆರಳಿನಿಂದ ಲಾಕಿನ ಮೇಲ್ತುದಿ ಒತ್ತಿದರೆ ಕೆಳಗಿನ ಕೊಕ್ಕೆ ಹಲ್ಲಿನಿಂದ ಬಿಟ್ಟುಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಒತ್ತಿ ಹಿಡಿದುಕೊಂಡೇ ಪ್ಲಗ್ಗಿನ ಮೈಯನ್ನು ಅದರ ಉದ್ದಕ್ಕೆ, ಒಂದು ತುದಿ ಚೂರು ಎತ್ತಿ ಇನ್ನೊಂದು ತುದಿ ಚೂರು ಎತ್ತಿ, ಮೇಲಕ್ಕೆ ತನ್ನಿ. ಇನ್ನೊಂದು ಕೈಯ ಬೆರಳು ಬೋರ್ಡಿನ ಅಂಚನ್ನು ಹಿಡಿದಿರಲಿ, ಇಲ್ಲವಾದರೆ ಬೋರ್ಡ್ ಬಾಗುತ್ತದೆ. ವೈರ್ ಹಿಡಿದು ಎಳೆದರೆ ಒಳಗಿನ ಲೋಹದ ತುದಿ ಪ್ಲಗ್ಗಿನಲ್ಲೇ ಹಿಂದೆ ಸರಿಯುತ್ತದೆ. ಮತ್ತೆ ಹಾಕಿದಾಗ ಹೊರಗಿನಿಂದ ಸರಿಯಾಗಿ ಕೂತಂತೆ ಕಾಣುತ್ತದೆ, ಒಳಗೆ ಒಂದು ಪಿನ್ ಮುಟ್ಟಿಯೇ ಇರುವುದಿಲ್ಲ. ಈ ಜಾತಿಯ ಪ್ಲಗ್‌ಗಳು ಸುಮಾರು 30 ಸಲ ಹಾಕಿ ತೆಗೆಯುವ ಲೆಕ್ಕಕ್ಕೆ ಮಾಡಿದವು. ಸಾಟಾ ಕೇಬಲ್ಲಿಗೆ ಆ ಲೆಕ್ಕ 50. ಹಾಗಾಗಿ ಸುಮ್ಮನೆ ಪದೇ ಪದೇ ಕಿತ್ತು ಹಾಕುವುದು ಬೇಡ.

ಮತ್ತೆ ಜೋಡಿಸುವಾಗ ಅನುಕ್ರಮ ತಪ್ಪಿದರೆ ಕೆಲಸ ದುಪ್ಪಟ್ಟು. ಮೊದಲು ಹಾಕಬೇಕಾದ್ದು ಪ್ರೊಸೆಸರಿನ 4+4 ಪಿನ್ ಕೇಬಲ್. ಅದು ಹಿಂಬದಿಯಿಂದ ಹೋಗಿ ಮೇಲಿನ ಎಡಮೂಲೆಯ ಸಣ್ಣ ತೂತಿನಲ್ಲಿ ಹೊರಬರಬೇಕು. ಮದರ್‌ಬೋರ್ಡ್ ಕೂರಿಸಿ, ಮೇಲೊಂದು ಫ್ಯಾನೋ, ನೀರಿನಿಂದ ತಂಪು ಮಾಡುವ ರೇಡಿಯೇಟರೋ ಹಾಕಿದ ಮೇಲೆ ಆ ತೂತಿಗೆ ಬೆರಳು ಹೋಗುವುದಿಲ್ಲ. ಕೇಬಲ್ ಗಿಡ್ಡವಾಗಿದೆ ಅಂತ ತೆರೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನ ಹಿಂದಿನಿಂದ, ಬೋರ್ಡಿನ ಮೇಲೇ ಓರೆಯಾಗಿ ಎಳೆದಿರುವುದನ್ನು ಬಹಳ ಕಡೆ ನೋಡಬಹುದು. ಅದಕ್ಕಿಂತ ಒಳ್ಳೆಯ ದಪ್ಪದ ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕುವುದು ಮೇಲು.

ಪ್ರೊಸೆಸರಿನ ಎಂಟು ಪಿನ್ನಿನ ಪ್ಲಗ್ಗಿಗೂ ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ನಿನದಕ್ಕೂ ಗಾತ್ರ ಒಂದೇ. ಇಲ್ಲಿ ತಪ್ಪಿದರೆ ಸುಡುತ್ತದೆ. ಪ್ರೊಸೆಸರಿನದು ನಾಲ್ಕು-ನಾಲ್ಕಾಗಿ ಸೀಳುತ್ತದೆ, ಕಾರ್ಡಿನದು ಆರು-ಎರಡಾಗಿ. ಬಣ್ಣದ ವೈರುಗಳಿದ್ದರೆ ಇನ್ನೊಂದು ಗುರುತು: ಲಾಕ್ ಇರುವ ಬದಿಯಲ್ಲಿ ಹಳದಿ ಸಾಲಿದ್ದರೆ ಪ್ರೊಸೆಸರಿನದು, ಕಪ್ಪು ಸಾಲಿದ್ದರೆ ಕಾರ್ಡಿನದು. ಅಂದರೆ ಒಂದರಲ್ಲಿ 12 ವೋಲ್ಟ್ ಇರುವ ಕಡೆ ಇನ್ನೊಂದರಲ್ಲಿ ಗ್ರೌಂಡ್ ಇದೆ. ಪಿನ್‌ಗಳ ಆಕಾರ ಬೇರೆ ಇರುವುದರಿಂದ ತಪ್ಪು ಪ್ಲಗ್ ಸಲೀಸಾಗಿ ಇಳಿಯುವುದಿಲ್ಲ. ಇಳಿಯಲಿಲ್ಲ ಅಂತ ಬಲ ಹಾಕುವವರಿಂದಲೇ ಅನಾಹುತ.

ಬೋರ್ಡ್ ಕೂರಿಸಿದ ಮೇಲೆ, ಗ್ರಾಫಿಕ್ಸ್ ಕಾರ್ಡ್ ಹಾಕುವ ಮುಂಚೆ, ಕೆಳ ಅಂಚಿನ ಸಣ್ಣ ಪ್ಲಗ್‌ಗಳನ್ನೆಲ್ಲ ಮುಗಿಸಬೇಕು: ಮುಂಭಾಗದ ಆಡಿಯೋ, ಯುಎಸ್‌ಬಿ, ಪವರ್ ಬಟನ್. ಬಟನ್‌ಗಳ ಜಾಗದಲ್ಲಿ ಒಂಬತ್ತು ಪಿನ್, ಹತ್ತನೆಯದರ ಜಾಗ ಖಾಲಿ. ಮೇಲಿನ ಸಾಲಿನಲ್ಲಿ ಖಾಲಿ ಜಾಗ ಬಲಗಡೆಗೆ ಬರುವಂತೆ ನೋಡಿದರೆ, ಆ ಸಾಲಿನ ಮೊದಲ ಎರಡು ಪವರ್ ದೀಪಕ್ಕೆ, ಮುಂದಿನ ಎರಡು ಪವರ್ ಬಟನ್ನಿಗೆ. ಕೆಳಗಿನ ಸಾಲಿನಲ್ಲಿ ಮೊದಲ ಎರಡು ಹಾರ್ಡ್‌ಡಿಸ್ಕ್ ದೀಪಕ್ಕೆ, ಮುಂದಿನ ಎರಡು ರೀಸೆಟ್ಟಿಗೆ. ಬಟನ್‌ಗಳ ಪ್ಲಗ್ ಹೇಗೆ ತಿರುಗಿಸಿ ಹಾಕಿದರೂ ನಡೆಯುತ್ತದೆ. ದೀಪಗಳಿಗೆ ಮಾತ್ರ ಪ್ಲಸ್ ಮೈನಸ್ ಇದೆ, ಅದಲುಬದಲಾದರೆ ಉರಿಯುವುದಿಲ್ಲ, ಕೆಡುವುದೂ ಇಲ್ಲ. ಯುಎಸ್‌ಬಿ 3ರ ನೀಲಿಯೋ ಕಪ್ಪೋ ಇರುವ ದಪ್ಪ ಪ್ಲಗ್ ಬಗ್ಗೆ ಹೆಚ್ಚು ಎಚ್ಚರ ಬೇಕು. ಅದರ ಕೇಬಲ್ ಕೋಲಿನ ಹಾಗೆ ಗಡುಸು. ಪ್ಲಗ್ಗಿನ ಬುಡದಲ್ಲೇ ಬಗ್ಗಿಸಿ ಕಟ್ಟಿದರೆ ಬೋರ್ಡಿನ ಮೇಲಿನ ಪ್ಲಾಸ್ಟಿಕ್ ಗೂಡೇ ಕಿತ್ತು ಬರುತ್ತದೆ, ಇಲ್ಲವೇ 19 ಸಣ್ಣ ಪಿನ್‌ಗಳಲ್ಲಿ ಒಂದು ಮಲಗುತ್ತದೆ. ಮಲಗಿದ ಪಿನ್ನನ್ನು ಚಿಮುಟದಿಂದ ಒಂದು ಸಲ ನೆಟ್ಟಗೆ ಮಾಡಬಹುದು. ಎರಡನೆಯ ಸಲ ಮುರಿದು ಬರುವ ಸಂಭವವೇ ಹೆಚ್ಚು. ಆ ಕೇಬಲ್ಲಿಗೆ ದೊಡ್ಡ ತಿರುವು ಕೊಡಿ, ಕಟ್ಟು ಪ್ಲಗ್ಗಿನಿಂದ ಐದಾರು ಸೆಂಟಿಮೀಟರ್ ದೂರದಲ್ಲಿರಲಿ.

ಸಾಟಾ ಡೇಟಾ ಕೇಬಲ್‌ಗೂ ಇದೇ ನ್ಯಾಯ. ಚಪ್ಪಟೆ ಇದೆ ಅಂತ ಕಾಗದದ ಹಾಗೆ ಮಡಚಬಾರದು, ಮಡಿಕೆ ಬಿದ್ದ ಕಡೆ ಒಳಗಿನ ಎಳೆಗಳ ಅಂತರ ಕೆಡುತ್ತದೆ. ಹಾರ್ಡ್‌ಡಿಸ್ಕ್ ತಗಡಿಗೆ ತೀರಾ ಹತ್ತಿರ ಇದ್ದರೆ ಒಂದು ತುದಿ ಮೊಳಕೈಯಂತೆ ಬಾಗಿರುವ ಕೇಬಲ್ ತನ್ನಿ. ಡಿಸ್ಕಿನ ಪವರ್ ಕೇಬಲ್ ಸಾಲದೆ ಹಳೆಯ ನಾಲ್ಕು ಪಿನ್ನಿನ ಪ್ಲಗ್ಗಿನಿಂದ ಸಾಟಾಗೆ ಬದಲಿಸುವ ಅಡಾಪ್ಟರ್ ಹಾಕುವುದಾದರೆ, ವೈರುಗಳ ಮೇಲೆ ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದಿರುವ ಅಗ್ಗದ್ದು ಬೇಡ. ಅದರೊಳಗೆ ವೈರುಗಳು ಒಂದಕ್ಕೊಂದು ಸರಿದು ತಾಗಿ ಹೊತ್ತಿಕೊಂಡ ಪ್ರಸಂಗಗಳು ಜಗತ್ತಿನೆಲ್ಲೆಡೆ ಸಾಕಷ್ಟು. ವೈರ್ ಒಂದೊಂದಾಗಿ ಬಿಡಿಯಾಗಿ ಹಿಂದಿನಿಂದ ಒಳಗೆ ಹೋಗುವ, ಬಿಚ್ಚಿ ನೋಡಬಹುದಾದ ಮುಚ್ಚಳದ್ದು ಸುರಕ್ಷಿತ.

ಫ್ಯಾನ್ ವಿಷಯದಲ್ಲಿ ಎರಡೇ ಮಾತು. ಬೋರ್ಡಿನ ಒಂದು ಫ್ಯಾನ್ ಪಿನ್ ಸಾಮಾನ್ಯವಾಗಿ 1 ಆಂಪಿಯರ್ ಕೊಡುತ್ತದೆ, ಫ್ಯಾನಿನ ಮೈಮೇಲೆ ಬರೆದಿರುವ ಆಂಪಿಯರ್ ಕೂಡಿ ನೋಡಿ, ಆಮೇಲೆ ಒಂದೇ ಪಿನ್ನಿಗೆ ಎರಡು ಮೂರು ಫ್ಯಾನ್ ಸೇರಿಸುವ ಸ್ಪ್ಲಿಟರ್ ಹಾಕಿ. ಬಣ್ಣದ ದೀಪಗಳಲ್ಲಿ ಮೂರು ಪಿನ್ನಿನದು 5 ವೋಲ್ಟ್, ನಾಲ್ಕು ಪಿನ್ನಿನದು 12 ವೋಲ್ಟ್. ಐದರದ್ದನ್ನು ಹನ್ನೆರಡಕ್ಕೆ ಸಿಕ್ಕಿಸಿದರೆ ದೀಪಗಳು ಅಲ್ಲೇ ಸುಡುತ್ತವೆ.

ಗ್ರಾಫಿಕ್ಸ್ ಕಾರ್ಡ್ ಕೊನೆಗೆ. ಬೋರ್ಡಿನ ಸ್ಲಾಟ್ 75 ವಾಟ್ ಕೊಡುತ್ತದೆ, ಆರು ಪಿನ್ನಿನ ಪ್ಲಗ್ ಇನ್ನೊಂದು 75, ಎಂಟು ಪಿನ್ನಿನದು 150. ಕಾರ್ಡಿಗೆ ಎರಡು ಎಂಟು ಪಿನ್ ಬೇಕಿದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ಕೇಬಲ್ ತರುವುದು ಸರಿ. ಒಂದೇ ಕೇಬಲ್ಲಿನ ತುದಿಯಲ್ಲಿ ಎರಡು ತಲೆ ಇರುವುದನ್ನು ಹಾಕಿದರೆ ನೋಡಲು ಚೆಂದ, ಆದರೆ ಇಡೀ ಭಾರ ಅದೇ ನಾಲ್ಕಾರು ವೈರುಗಳ ಮೇಲೆ. ಚೆಂದಕ್ಕೂ ಭದ್ರತೆಗೂ ಜಗಳ ಬಂದಾಗ ಒಂದು ಕೇಬಲ್ ಹೆಚ್ಚು ಕಂಡರೆ ಕಾಣಲಿ.

ಹೊಸ ಕಾರ್ಡ್‌ಗಳ 16 ಪಿನ್ನಿನ ಪ್ಲಗ್ಗಿನ ಕತೆ ಇನ್ನೂ ಗಂಭೀರ. ಅಷ್ಟು ಸಣ್ಣ ಜಾಗದಲ್ಲಿ 600 ವಾಟ್‌ವರೆಗೆ ಹರಿಯುತ್ತದೆ. 2022ರ ಕೊನೆಯಲ್ಲಿ ಆರ್‌ಟಿಎಕ್ಸ್ 4090 ಕಾರ್ಡ್‌ಗಳಲ್ಲಿ ಈ ಪ್ಲಗ್ ಕರಗಿದ ಸುದ್ದಿಗಳು ಬಂದವು, ಪ್ಲಗ್ ಪೂರ್ತಿ ಒಳಗೆ ಕೂರದೆ ಇದ್ದದ್ದು ಮುಖ್ಯ ಕಾರಣಗಳಲ್ಲಿ ಒಂದೆಂದು ತಿಳಿಯಿತು. ಮುಂದಿನ ವರ್ಷ ಬಂದ ತಿದ್ದಿದ ರೂಪದಲ್ಲಿ ಸೂಚನೆ ಕೊಡುವ ನಾಲ್ಕು ಸಣ್ಣ ಪಿನ್‌ಗಳನ್ನು ಗಿಡ್ಡ ಮಾಡಿದರು, ಪ್ಲಗ್ ಪೂರ್ತಿ ಕೂರದಿದ್ದರೆ ಅವು ಮುಟ್ಟುವುದೇ ಇಲ್ಲ. ಕೇಬಲ್ ಜೋಡಿಸುವವರಿಗೆ ಇದರ ಪಾಠ ನೇರ: ಪ್ಲಗ್ಗಿನಿಂದ ಹೊರಬಂದ ಮೇಲೆ ಸುಮಾರು 35 ಮಿಲಿಮೀಟರ್ ತನಕ ಕೇಬಲ್ ನೆಟ್ಟಗಿರಲಿ, ಆಮೇಲೆ ತಿರುಗಲಿ. ಗಾಜಿನ ಬಾಗಿಲು ಆ ತಿರುವನ್ನು ಒತ್ತುವಂತಿದ್ದರೆ ಕ್ಯಾಬಿನೆಟ್ ಅಗಲ ಸಾಲದು ಅಂತಲೇ ಲೆಕ್ಕ. ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಉಗುರಿನಷ್ಟು ಸಂದು ಕಂಡರೂ ಬಿಡಬೇಡಿ, ಟಾರ್ಚ್ ಹಿಡಿದು ನೋಡಿ.

ಈಗ ಕಟ್ಟುವ ಕೆಲಸ. ಎಲ್ಲವನ್ನೂ ಸಿಕ್ಕಿಸಿ, ಏನನ್ನೂ ಬಿಗಿಯದೆ, ಎರಡೂ ಬಾಗಿಲು ತೆರೆದಿಟ್ಟು ಒಮ್ಮೆ ಆನ್ ಮಾಡಿ ನೋಡುವುದು ಮೊದಲು. ವಿಂಡೋಸ್ ಶುರುವಾಗುವ ಮುಂಚೆ ತೆರೆಯಬಹುದಾದ ಬಯಾಸ್ ಸೆಟ್ಟಿಂಗ್ ಒಳಗೆ ಹೋಗಿ ಡಿಸ್ಕ್‌ಗಳೆಲ್ಲ ಕಾಣುತ್ತಿವೆಯೇ, ಫ್ಯಾನ್‌ಗಳ ವೇಗ ತೋರಿಸುತ್ತಿದೆಯೇ ನೋಡಿ, ಆರಿಸಿ, ಪ್ಲಗ್ ಕಿತ್ತು, ಆಮೇಲೆ ಕಟ್ಟಿ. ಫ್ಯಾನ್ ತಿರುಗುತ್ತದೆ, ಆದರೆ ತೆರೆಯ ಮೇಲೆ ಏನೂ ಬರುವುದಿಲ್ಲ ಅಂದರೆ ಮೊದಲು ಪ್ರೊಸೆಸರಿನ 4+4 ಪ್ಲಗ್ ಅನುಮಾನಿಸಿ. ಎರಡು ತುಂಡುಗಳಲ್ಲಿ ಒಂದು ಅರ್ಧ ಕೂತಿರುತ್ತದೆ. ಬಟನ್ ಒತ್ತಿದರೆ ಏನೇನೂ ಆಗದಿದ್ದರೆ ಬಟನ್ನಿನ ಪ್ಲಗ್ ಒಂದು ಪಿನ್ ಪಕ್ಕಕ್ಕೆ ಸರಿದಿರುತ್ತದೆ. ಸಿಪಿಯು ಫ್ಯಾನ್ ಎರರ್ ಅಂತ ಬಂದರೆ ಪ್ರೊಸೆಸರಿನ ಫ್ಯಾನನ್ನು ಪಕ್ಕದ ಬೇರೆ ಪಿನ್ನಿಗೆ ಹಾಕಿರುತ್ತೀರಿ.

ಹಿಂಬದಿಯಲ್ಲಿ ಸಾಮಾನ್ಯವಾಗಿ 15ರಿಂದ 25 ಮಿಲಿಮೀಟರ್ ಜಾಗ ಇರುತ್ತದೆ. 24 ಪಿನ್ನಿನ ಕಂತೆ ದುಂಡಗಿದ್ದರೆ ಅದರಲ್ಲೇ ಜಾಗ ಮುಗಿಯಿತು. ಅದನ್ನು ಬೆರಳಿನಿಂದ ಹರಡಿ ಚಾಪೆಯ ಹಾಗೆ ಚಪ್ಪಟೆ ಮಾಡಿ, ಬೇರೆ ಯಾವ ಕೇಬಲ್ಲೂ ಅದರ ಮೇಲೆ ಅಡ್ಡ ಹಾಯದಂತೆ ಮಧ್ಯದ ಕಾಲುವೆಯಲ್ಲಿ ಮಲಗಿಸಿ. ಎರಡು ದಪ್ಪ ಕೇಬಲ್ ಒಂದರ ಮೇಲೊಂದು ಹಾದ ಜಾಗದಲ್ಲೇ ತಗಡು ಉಬ್ಬುವುದು. ಸದಾ ಕೂಡಿ ಇರುವಂಥವನ್ನು, ಅಂದರೆ 24 ಪಿನ್ ಮತ್ತು ಯುಎಸ್‌ಬಿ 3ನ್ನು, ವೆಲ್ಕ್ರೋದಲ್ಲಿ ಒಟ್ಟಿಗೆ ಕಟ್ಟಬಹುದು. ಮುಂದೆ ಬದಲಾಗುವಂಥ ಡಿಸ್ಕ್, ಫ್ಯಾನ್ ಕೇಬಲ್‌ಗಳಿಗೆ ಅವುಗಳದ್ದೇ ಬೇರೆ ಕಟ್ಟು. ಜಡೆ ಹೆಣೆಯುವ ಹಾಗೆ ಒಂದರೊಳಗೊಂದು ಹೆಣೆದರೆ ಫೋಟೋಗೆ ಚೆಂದ, ಬಿಚ್ಚುವ ದಿನ ಶಿಕ್ಷೆ.

ಪ್ರತಿ ಪ್ಲಗ್ಗಿನ ಹತ್ತಿರ ಎರಡು ಬೆರಳು ಹೋಗುವಷ್ಟು ಸಡಿಲ ಬಿಡಿ. ಕೇಬಲ್ ಟೈಯನ್ನು ವೈರಿನ ಹೊದಿಕೆ ಚಿವುಟುವಷ್ಟು ಎಳೆಯಬೇಡಿ, ಕಂತೆ ಕೈಯಲ್ಲಿ ಚೂರು ಜಾರುವಂತಿದ್ದರೆ ಸಾಕು. ಟೈ ಬಾಲವನ್ನು ಓರೆಯಾಗಿ ಕತ್ತರಿಸಿದರೆ ಬ್ಲೇಡಿನಂಥ ಮೊನೆ ಉಳಿಯುತ್ತದೆ. ಮುಂದೆ ಆ ಸಂದಿಗೆ ಕೈ ಹಾಕಿದವರ ಹಿಂಗೈಯಲ್ಲಿ ಗೀರು ಖಂಡಿತ. ಸೈಡ್ ಕಟರಿನ ಚಪ್ಪಟೆ ಮುಖವನ್ನು ಟೈಯ ತಲೆಗೆ ಒರಗಿಸಿ ಸಮವಾಗಿ ಕತ್ತರಿಸಿ, ಬೆರಳಾಡಿಸಿ ನೋಡಿ, ತಲೆಯನ್ನು ಒಳಮುಖ ಮಾಡಿ.

ಹತ್ತು ಹದಿನೈದು ವರ್ಷ ಹಳೆಯ ಅಸೆಂಬಲ್ ಮಾಡಿಸಿದ ಪೆಟ್ಟಿಗೆಗಳು ಇನ್ನೂ ಎಷ್ಟೋ ಡಿಟಿಪಿ ಅಂಗಡಿ, ಶಾಲೆಗಳಲ್ಲಿ ದುಡಿಯುತ್ತಿವೆ. ಅವುಗಳಲ್ಲಿ ಎಸ್‌ಎಂಪಿಎಸ್ ಮೇಲ್ಗಡೆ, ಹಿಂಬದಿಯಲ್ಲಿ ಜಾಗವೇ ಇಲ್ಲ, ಬಿಡಿಸಲಾಗದ ಕೇಬಲ್ ಗೊಂಚಲು ಸೀದಾ ಪ್ರೊಸೆಸರ್ ಫ್ಯಾನಿನ ತಲೆಯ ಮೇಲೆ ನೇತಾಡುತ್ತಿರುತ್ತದೆ. ಇಂಥ ಕಡೆ ಫ್ಯಾನಿನ ಹತ್ತಿರದ ವೈರುಗಳನ್ನು ಬೆಳಕಿಗೆ ಹಿಡಿದು ನೋಡಿ. ರೆಕ್ಕೆ ಉಜ್ಜಿ ಹೊಳಪಾದ ಗೆರೆ ಎಷ್ಟೋ ಸಲ ಸಿಗುತ್ತದೆ. ಅಲ್ಲಿ ಖಾಲಿ ಇರುವ ಸಿಡಿ ಡ್ರೈವ್ ಗೂಡೇ ನಿಮ್ಮ ಉಗ್ರಾಣ. ಬಳಸದ ಕೇಬಲ್‌ಗಳನ್ನು ಮಡಚಿ, ಎರಡು ಕಡೆ ಕಟ್ಟಿ, ಅದರೊಳಗೆ ತಳ್ಳಿ. ಬಳಸುವವನ್ನು ಕ್ಯಾಬಿನೆಟ್ಟಿನ ಮೇಲಂಚಿನ ಪಟ್ಟಿಗೆ ಕಟ್ಟಿ ಮುಂದಕ್ಕೆ ಒಯ್ದು ಅಲ್ಲಿಂದ ಕೆಳಗಿಳಿಸಿ. ತಗಡಿನ ಹರಿತ ಅಂಚು ದಾಟುವ ಕಡೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸೀಳಿ ಹಾಕಿದರೆ ಹೊದಿಕೆ ಕೊಯ್ಯುವುದಿಲ್ಲ. ಹಿಂದೆ ತೆರೆದುಕೊಂಡಿರುವ ಸ್ಲಾಟ್ ಕಿಂಡಿಗಳನ್ನು ಪಟ್ಟಿ ಹಾಕಿ ಮುಚ್ಚುವುದನ್ನು ಮರೆಯಬೇಡಿ. ಇಲಿ ಒಳಗೆ ಬರುವುದು ಅಲ್ಲಿಂದಲೇ, ಅದು ಕಡಿದ ವೈರಿಗೆ ಯಾವ ಓರಣವೂ ಉತ್ತರವಲ್ಲ.

ಬಾಗಿಲು ಹಾಕುವಾಗ ತಗಡು ಒಂದೇ ಅಂಗೈಯ ಒತ್ತಡಕ್ಕೆ ಕೂರಬೇಕು. ಕೂರದಿದ್ದರೆ ತೆಗೆದು, ಎಲ್ಲಿ ಎರಡು ಕೇಬಲ್ ಹಾದಿವೆ ಹುಡುಕಿ.

ಕೊನೆಗೆ ಮೇಜಿನ ಮೇಲೆ ಮೂರ‍್ನಾಲ್ಕು ಕೇಬಲ್ ಉಳಿದಿರುತ್ತವೆ, ನಿಮ್ಮದು ಬಿಡಿಸಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್ ಆಗಿದ್ದರೆ. ಅವನ್ನು ಬೇರೆ ಕೇಬಲ್‌ಗಳ ಜೊತೆ ಡ್ರಾಯರಿಗೆ ಹಾಕಬೇಡಿ. ಡಿಸ್ಕಿನ ಕಡೆ ಪ್ಲಗ್ ಎಲ್ಲ ಕಂಪನಿಗಳದ್ದೂ ಒಂದೇ, ಎಸ್‌ಎಂಪಿಎಸ್ ಕಡೆ ಯಾವ ಪಿನ್ನಿನಲ್ಲಿ 5 ವೋಲ್ಟ್, ಯಾವುದರಲ್ಲಿ 12 ಅನ್ನುವುದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆ ಇರಬಹುದು. ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಸಲೀಸಾಗಿ ಕೂರುತ್ತದೆ, ಸ್ವಿಚ್ ಹಾಕಿದ ಕ್ಷಣ 5 ವೋಲ್ಟ್ ಜಾಗಕ್ಕೆ 12 ಬಂದು ಡಿಸ್ಕ್ ಸಾಯುತ್ತದೆ, ಅದರಲ್ಲಿದ್ದ ಮಕ್ಕಳ ಫೋಟೋಗಳ ಸಮೇತ. ಉಳಿದ ಕೇಬಲ್‌ಗಳನ್ನು ಒಂದು ಚೀಲಕ್ಕೆ ಹಾಕಿ, ಎಸ್‌ಎಂಪಿಎಸ್ ಮಾದರಿಯ ಹೆಸರು ಪೂರ್ತಿಯಾಗಿ ಚೀಟಿಯಲ್ಲಿ ಬರೆದು ಒಳಗಿಟ್ಟು, ಅದು ಬಂದ ಡಬ್ಬದಲ್ಲೇ ಇಡಿ. ಅದೇ ಹೆಸರನ್ನು ಬಲಗಡೆಯ ತಗಡಿನ ಒಳಮೈಗೂ ಒಂದು ಚೀಟಿಯಲ್ಲಿ ಅಂಟಿಸಿ.